ನಕ್ಷೆಯೂ ಭಾಷಾಂತರವೂ

ಕನ್ನಡ ಮೇಷ್ಟರೆಂದು ಬೀದಿಯಲ್ಲಿ ಒಮ್ಮೆ ಹೆಸರಾದ ಮೇಲೆ ಮನೆಗೆ ಬರುವವರ ಕೋರಿಕೆಗಳು ಬಗೆಬಗೆಯಾಗಿರುತ್ತವೆ. ಮದುವೆಯ ಕರೆಯೋಲೆಯನ್ನು ತಿದ್ದಿಕೊಡಿ ಎನ್ನುವವರು, ಮಗುವಿಗೆ ಇಂಥ ಅಕ್ಷರದಿಂದ ತೊಡಗುವ ಹೆಸರು ಬೇಕೆನ್ನುವವರು, ಅಂಗಡಿಯ ಫಲಕದಲ್ಲಿ ಒತ್ತಕ್ಷರ ಸರಿಯಾಗಿದೆಯೇ ನೋಡಿ ಎನ್ನುವವರು—ಇವರೆಲ್ಲರಿಗೂ ಕೈಲಾದಷ್ಟನ್ನು ಮಾಡಿಕೊಟ್ಟು, ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿದ್ದೇನೆ. ಆದರೆ ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಬೆಳಗ್ಗೆ ಯಲಹಂಕ ಉಪನಗರದ ನಮ್ಮ ಮನೆಗೆ ಬಂದ ಕೋರಿಕೆಯಂಥದು ನನ್ನ ಇಪ್ಪತ್ತು ವರ್ಷದ ಉಪಾಧ್ಯಾಯ ವೃತ್ತಿಯಲ್ಲಿ ಹಿಂದೆಂದೂ ಬಂದಿರಲಿಲ್ಲ.

ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಪಿ.ಯು. ತರಗತಿಯಲ್ಲಿ ವಿಜ್ಞಾನ ಓದುತ್ತಲೇ ಕನ್ನಡದ ಪಾಠವನ್ನೂ ಆಸೆಯಿಂದ ಕೇಳುತ್ತಿದ್ದ ಹುಡುಗಿ. ಈಗ ಎಂಜಿನಿಯರು, ಹೆಬ್ಬಾಳದ ಕಡೆಯ ಒಂದು ದೊಡ್ಡ ಕಟ್ಟಡದಲ್ಲಿ ಕುಳಿತು, ಜರ್ಮನಿಯ ಒಂದು ಊರಿನಲ್ಲಿ ಮುಖ್ಯ ಕಚೇರಿಯಿರುವ ಕಂಪನಿಗಾಗಿ ಯಂತ್ರಭಾಗಗಳ ವಿನ್ಯಾಸ ಮಾಡುವವಳು. ಅವಳ ಕೈಯಲ್ಲಿ ಮಡಿಸಿದ ಒಂದು ನಕ್ಷೆಯೂ, ಕರವಸ್ತ್ರದಲ್ಲಿ ಸುತ್ತಿದ, ಬೆರಳಿಗಿಂತ ತುಸು ಉದ್ದನೆಯ ಉಕ್ಕಿನ ಕಡ್ಡಿಯೊಂದೂ ಇದ್ದುವು.

“ಸಾರ್, ‘ರಿಮೂವ್ ಬರ್ಸ್, ಬ್ರೇಕ್ ಶಾರ್ಪ್ ಎಡ್ಜಸ್’ ಅನ್ನೋದನ್ನ ಕೆಲಸಗಾರರಿಗೆ ಸರಿಯಾಗಿ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದುಕೊಡಬೇಕು” ಎಂದಳು.

ಲೋಹವನ್ನು ಕೊರೆದಾಗಲೋ ತಿರುವಿದಾಗಲೋ ಅಂಚಿನಲ್ಲಿ ಉಳಿಯುವ ಸಣ್ಣ ಮುಳ್ಳಿನಂಥ ಎಳೆಗೆ ‘ಬರ್’ ಎಂದು ಹೆಸರು. ಅದನ್ನು ತೆಗೆದು, ಚೂಪಾದ ಅಂಚುಗಳನ್ನು ತುಸು ಮೊಂಡು ಮಾಡಬೇಕೆಂಬುದು ಆ ವಾಕ್ಯದ ಅರ್ಥ. ಕೈ ಕೊಯ್ಯದಿರಲಿ ಎಂಬ ಕಾರಣಕ್ಕೆ ಅನೇಕ ನಕ್ಷೆಗಳ ಮೂಲೆಯಲ್ಲಿ ಅದು ಮಂಗಳಶ್ಲೋಕದಂತೆ ಬಿದ್ದಿರುತ್ತದಂತೆ. ಅವಳು ತಂದಿದ್ದ ಕಡ್ಡಿ ‘ಸ್ಪೂಲ್’ ಎಂಬ ಭಾಗ. ಮಣ್ಣು ಅಗೆಯುವ ಯಂತ್ರಗಳ ತೋಳನ್ನು ಎತ್ತಿ ಇಳಿಸುವ ಎಣ್ಣೆಯನ್ನು ಇತ್ತಲೂ ಅತ್ತಲೂ ಹರಿಸುವ ಕವಾಟದೊಳಗೆ ಅದು ಹಿಂದಕ್ಕೂ ಮುಂದಕ್ಕೂ ಸರಿದಾಡುತ್ತದೆ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯವರು ಮುನ್ನೂರು ಸ್ಪೂಲುಗಳನ್ನು ಮಾಡಿ ಕಳುಹಿಸಿದ್ದರು. ಮುನ್ನೂರೂ ತಿರಸ್ಕೃತವಾದುವು. ಕವಾಟ ಮುಚ್ಚಿದಾಗಲೂ ಎಣ್ಣೆ ಒಸರುತ್ತದೆ, ತೋಳು ನಿಂತಲ್ಲಿ ನಿಲ್ಲುವುದಿಲ್ಲ ಎಂದು ಜರ್ಮನಿಯಿಂದ ವರದಿ ಬಂದಿತ್ತು. ಕೆಲಸಗಾರರು ಇಂಗ್ಲಿಷ್ ಸೂಚನೆಯನ್ನು ಸರಿಯಾಗಿ ಓದಿಲ್ಲ, ಕನ್ನಡದಲ್ಲಿ ಕೊಟ್ಟರೆ ಮುಂದಿನ ಸಲ ತಪ್ಪಾಗದು ಎಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ಮುನ್ನೂರರ ಬೆಲೆಯನ್ನು ಆ ಸಣ್ಣ ಕಾರ್ಖಾನೆಯ ಲೆಕ್ಕದಲ್ಲಿ ಕಳೆಯುವುದೆಂದೂ ತೀರ್ಮಾನವಾಗಿತ್ತು. ಎಂಟು ಮಂದಿ ಕೆಲಸಗಾರರಿರುವ ಕಾರ್ಖಾನೆ ಅದು.

ನಾನು ಕಾಗದ ಲೇಖನಿ ತೆಗೆದುಕೊಂಡು ‘ಮೊಂಡು’ ಎನ್ನಲೋ ‘ಮಟ್ಟಸ’ ಎನ್ನಲೋ ಎಂದು ಶಬ್ದವಿಚಾರದಲ್ಲಿ ತೊಡಗಿದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ನಮ್ಮ ತಂದೆಯವರು ಎದ್ದುಬಂದರು. ಅವರಿಗೆ ಈಗ ಎಪ್ಪತ್ತೈದು ದಾಟಿದೆ. 1968ರಲ್ಲಿ ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಗೆ ಅಪ್ರೆಂಟಿಸಾಗಿ ಸೇರಿ, ಬಾಳಿನ ಬಹುಭಾಗವನ್ನು ಅಲ್ಲಿಯ ಟೂಲ್ ರೂಮಿನಲ್ಲಿ ಕಳೆದವರು. ಕಡ್ಡಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಅದರ ಅಂಚನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದರು.

“ಇದು ಎಲ್ಲಿ ಕೂರುತ್ತೆ ಮಗು?”

ಅವಳು ಹೇಳಿದಳು. ತಂದೆಯವರು ಮತ್ತೊಮ್ಮೆ ಉಗುರಿನ ಮೇಲೆ ಎಳೆದು ನೋಡಿದರು. “ಜಾರುತ್ತೆ, ಹಿಡಿಯೋದಿಲ್ಲ. ಇದನ್ನು ಮಾಡಿದವನು ತಪ್ಪು ಮಾಡಿಲ್ಲಮ್ಮ. ನೀವು ಹೇಳಿದ್ದನ್ನೇ ಮಾಡಿದ್ದಾನೆ. ಎಣ್ಣೆಯ ಬಾಗಿಲು ತೆಗೆಯೋದೂ ಮುಚ್ಚೋದೂ ಈ ಅಂಚೇ ಅಲ್ಲವೆ? ಬರ್ ಹೋಗಬೇಕು, ಅಂಚು ಉಳಿಯಬೇಕು. ಅಂಚನ್ನೇ ಮುರಿ ಅಂತ ಬರೆದಿದ್ದೀರಲ್ಲ!”

ಹುಡುಗಿ ಮಾತಾಡಲಿಲ್ಲ. ಚೀಲದಿಂದ ತನ್ನ ಕಂಪ್ಯೂಟರನ್ನು ತೆಗೆದು ಜರ್ಮನಿಯ ಮೂಲ ನಕ್ಷೆಯನ್ನು ಹುಡುಕಿದಳು. ಅದರ ಮೂಲೆಯಲ್ಲಿ ಎರಡೇ ಪದಗಳಿದ್ದುವು. ಒಂದಕ್ಕೆ ‘ಬರ್ ಇಲ್ಲದಂತೆ’ ಎಂಬ ಅರ್ಥ. ಇನ್ನೊಂದಕ್ಕೆ ‘ಚೂಪಾದ ಅಂಚಿನೊಡನೆ’ ಎಂಬ ಅರ್ಥ. ಬೆಂಗಳೂರಿನ ಕಚೇರಿಯಲ್ಲಿ ನಕ್ಷೆಯನ್ನು ಇಂಗ್ಲಿಷಿಗೆ ತರುವಾಗ ಯಾರೋ ಆ ಎರಡು ಪದಗಳ ಜಾಗದಲ್ಲಿ ಕಚೇರಿಯ ವಾಡಿಕೆಯ ವಾಕ್ಯವನ್ನು ಕೂರಿಸಿಬಿಟ್ಟಿದ್ದರು.

ತಂದೆಯವರು ನಕ್ಷೆಯ ಕೆಳಗಣ ಚೌಕವನ್ನು ಬೆರಳಿನಿಂದ ತೋರಿಸಿ ಕೇಳಿದರು: “ಪರೀಕ್ಷಿಸಿದವರು ಅಂತ ಇದೆಯಲ್ಲ, ಇದು ಯಾರ ರುಜು?”

“ನನ್ನದೇ, ತಾತ” ಎಂದಳು.

ಒಂದು ಗಳಿಗೆ ಮೂವರೂ ಸುಮ್ಮನಿದ್ದೆವು. ನಾನು ಬರೆಯಹೊರಟಿದ್ದ ಕನ್ನಡ ವಾಕ್ಯ, ಅದೆಷ್ಟೇ ಶುದ್ಧವಾಗಿದ್ದರೂ, ತಪ್ಪನ್ನು ಇನ್ನಷ್ಟು ಚೆನ್ನಾಗಿ ಮಾಡಿಸುತ್ತಿತ್ತು!

ಹಲವು ಊರುಗಳ ಒಂದು ಕೃತಿ

ಈ ಘಟನೆಯಾದ ಮೇಲೆ ನನಗೆ ಆ ಹುಡುಗಿಯ ವೃತ್ತಿಯ ವಿಷಯದಲ್ಲಿ ಕುತೂಹಲ ಹುಟ್ಟಿತು. ಅವಳು ಆಗಾಗ ಬಂದು ವಿವರಿಸಿದಳು. ನಾನೂ ಅಷ್ಟಿಷ್ಟು ಓದಿದೆ. ಇಂದು ಒಂದು ಯಂತ್ರವನ್ನು ಒಂದೇ ಊರಿನಲ್ಲಿ ಆಲೋಚಿಸಿ, ಅಲ್ಲಿಯೇ ನಕ್ಷೆ ಬರೆದು, ಅಲ್ಲಿಯೇ ಮಾಡುವುದು ಅಪರೂಪವಾಗಿದೆ. ಬೇಕಾದುದೇನೆಂದು ನಿಶ್ಚಯಿಸುವವರು ಒಂದು ದೇಶದಲ್ಲಿ. ಬಲಾಬಲದ ಲೆಕ್ಕ ಹಾಕುವವರು ಮತ್ತೊಂದರಲ್ಲಿ. ಎರಕ ಹೊಯ್ಯುವವರು, ಕೊರೆಯುವವರು, ಜೋಡಿಸುವವರು ಬೇರೆ ಬೇರೆ ಕಡೆ. ಜರ್ಮನಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ, ಬೇಸಗೆಯಲ್ಲಿ ಮೂರೂವರೆ ಗಂಟೆಯ ಅಂತರ. ಅಮೆರಿಕದ ಪೂರ್ವತೀರಕ್ಕಾದರೋ ಅರ್ಧ ದಿವಸಕ್ಕೆ ತುಸು ಕಡಮೆ. ಅವರು ಮಲಗುವಾಗ ಇವರು ಏಳುತ್ತಾರೆ. ಕೆಲಸ ಮಾತ್ರ ಮಲಗುವುದಿಲ್ಲ ಎಂದು ಕಂಪನಿಗಳ ಆಡಳಿತಗಾರರು ಹಿಗ್ಗಿನಿಂದ ಹೇಳುವುದುಂಟು. ನಿಜವೇ. ಆದರೆ ಪ್ರಶ್ನೆಯೊಂದು ಹುಟ್ಟಿದಾಗ ಉತ್ತರ ಹೇಳಬೇಕಾದವನು ಮಲಗಿರುತ್ತಾನೆಂಬುದೂ ಅಷ್ಟೇ ನಿಜ.

ನಕ್ಷೆಯ ಭಾಷೆ ಎಲ್ಲೆಲ್ಲಿಯೂ ಒಂದೇ ಎಂದು ನಾನು ತಿಳಿದಿದ್ದೆ. ಅದೂ ತಪ್ಪು. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಬರೆಯುವಾಗ ಯೂರೋಪಿನವರು ಎಡಗಡೆಯಿಂದ ಕಂಡ ರೂಪವನ್ನು ಬಲಗಡೆಗೆ ಬರೆಯುತ್ತಾರೆ. ಅಮೆರಿಕದವರು ಎಡಗಡೆಯದನ್ನು ಎಡಗಡೆಗೇ ಬರೆಯುತ್ತಾರೆ. ಯಾವ ಪದ್ಧತಿಯೆಂದು ತಿಳಿಸಲು ನಕ್ಷೆಯ ಮೂಲೆಯಲ್ಲಿ ತುದಿ ಕತ್ತರಿಸಿದ ಶಂಕುವಿನ ಚಿಕ್ಕ ಚಿಹ್ನೆಯೊಂದಿರುತ್ತದೆ. ಅದನ್ನು ಗಮನಿಸದೆ ಓದಿದವನು ಎಡಗೈಯ ಕವಚದ ಬದಲು ಬಲಗೈಯ ಕವಚವನ್ನು ಮಾಡಿಟ್ಟಾನು. ಅಳತೆಗಳ ಮಾತೂ ಹಾಗೆಯೇ. 1999ರಲ್ಲಿ ಅಮೆರಿಕದ ಗಗನನೌಕೆಯೊಂದು ಮಂಗಳಗ್ರಹದವರೆಗೆ ಹೋಗಿ ಅಲ್ಲಿ ಕಳೆದುಹೋಯಿತು. ನೌಕೆಯನ್ನು ಕಟ್ಟಿದ ಕಂಪನಿ ತಳ್ಳುಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತ್ತು. ಅದನ್ನು ನಡೆಸುತ್ತಿದ್ದವರು ನ್ಯೂಟನ್ ಎಂಬ ಮೆಟ್ರಿಕ್ ಮಾನವೆಂದು ಓದಿಕೊಂಡಿದ್ದರು. ಇಬ್ಬರ ಗಣಿತವೂ ಸರಿಯಾಗಿತ್ತು. ಇಬ್ಬರ ನಡುವಣ ಭಾಷಾಂತರ ತಪ್ಪಿತ್ತು.

ಜಾಲಹಳ್ಳಿಯ ಪಾಠ

ಹೊರನಾಡಿನ ನಕ್ಷೆ ನಮ್ಮ ಬಡಗಣ ಬೆಂಗಳೂರಿಗೆ ಬರುತ್ತಿರುವುದು ಇಂದು ನಿನ್ನೆಯಿಂದಲ್ಲ. 1949ರಲ್ಲಿ ಭಾರತ ಸರಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಎಂಬ ಸಂಸ್ಥೆ ಸ್ಥಾಪಿತವಾಗಿ, ಜಾಲಹಳ್ಳಿಯಲ್ಲಿ ಲೇತುಗಳ ತಯಾರಿಕೆ ತೊಡಗಿತು. ಯಂತ್ರಗಳನ್ನು ಮಾಡುವ ಯಂತ್ರಕ್ಕೆ ತಾಯಿಯಂತ್ರವೆಂದು ಹೆಸರು. ಸ್ವತಂತ್ರ ದೇಶಕ್ಕೆ ಮೊದಲು ಬೇಕಾದುದು ಅದೇ ಎಂದು ಅಂದಿನವರು ತಿಳಿದಿದ್ದರು. 1954ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ಸಹಕಾರದೊಡನೆ ಅದೇ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್.ಎಂ.ಟಿ.ಯ ಕೈಗಡಿಯಾರಗಳು ಬಂದುವು. ಬಹಳ ಕಾಲ ಹೊಸ ಅಳಿಯನ ಕೈಗೂ, ಪರೀಕ್ಷೆ ಪಾಸಾದ ಮಗನ ಕೈಗೂ, ನಿವೃತ್ತನಾಗುವ ಗುಮಾಸ್ತನ ಕೈಗೂ ಏರುತ್ತಿದ್ದುದು ಅದೇ ಗಡಿಯಾರ. 1984ರಲ್ಲಿ ನಮ್ಮ ಯಲಹಂಕದಲ್ಲೇ ರೈಲುಗಾಲಿಗಳ ಕಾರ್ಖಾನೆ ಕೆಲಸ ಮೊದಲುಮಾಡಿತು. ಹಳೆಯ ಉಕ್ಕಿನ ಚೂರುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಆ ರಸವನ್ನು ಗಾಳಿಯ ಒತ್ತಡದಿಂದ ಗ್ರಾಫೈಟಿನ ಅಚ್ಚಿನೊಳಕ್ಕೆ ಕೆಳಗಿನಿಂದ ಮೇಲಕ್ಕೆ ಏರಿಸಿ ಗಾಲಿ ಎರೆಯುವ ಅಲ್ಲಿಯ ವಿಧಾನ ಅಮೆರಿಕದ ಗ್ರಿಫಿನ್ ಕಂಪನಿಯಿಂದ ಬಂದದ್ದು.

ಹೀಗೆ ಎಲ್ಲವೂ ಹೊರಗಿನಿಂದಲೇ ಬಂದುವಷ್ಟೆ? ಹೌದು. ಆದರೆ ಬಂದ ರೀತಿಯನ್ನು ಗಮನಿಸಬೇಕು. ತಂದೆಯವರು ಸೇರಿದಾಗ ಅಪ್ರೆಂಟಿಸುಗಳಿಗೆ ಮೊದಲು ಕೊಟ್ಟದ್ದು ಲೇತ್ ಅಲ್ಲ, ನಕ್ಷೆಯೂ ಅಲ್ಲ. ಒಂದು ಕಬ್ಬಿಣದ ಗಟ್ಟಿ ಮತ್ತು ಒಂದು ಅರ. ವಾರಗಟ್ಟಲೆ ಉಜ್ಜಿ ಅದನ್ನು ಸಮತಟ್ಟು ಮಾಡಬೇಕು. ಫೋರ್‌ಮನ್ ಬಂದು ಅಳೆಕೋಲಿನ ಅಂಚನ್ನು ಅದರ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯುತ್ತಿದ್ದ. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು! “ಅಂಗೈಯಲ್ಲಿ ಬೊಬ್ಬೆ ಎದ್ದಮೇಲೆ ಸಮತಟ್ಟು ಅಂದರೆ ಏನು ಅಂತ ಗೊತ್ತಾಯಿತು” ಎಂದು ತಂದೆಯವರು ಹೇಳುತ್ತಾರೆ. ಆಮೇಲೆ ಯಾವ ದೇಶದ ನಕ್ಷೆ ಬಂದರೂ ಅದರಲ್ಲಿ ಬರೆಯದೆ ಬಿಟ್ಟುದನ್ನು ಆ ಕೈ ಓದಬಲ್ಲುದಾಗಿತ್ತು. ಕಡ್ಡಿಯ ಅಂಚನ್ನು ಉಗುರಿನ ಮೇಲೆ ಎಳೆದುನೋಡಿದ್ದು ಆ ಓದು.

ಮುಂದೆ ಎಚ್.ಎಂ.ಟಿ. ಜರ್ಮನಿ, ಇಟಲಿ ಮೊದಲಾದ ದೇಶಗಳ ಕಂಪನಿಗಳಿಂದಲೂ ಲೈಸೆನ್ಸ್ ಪಡೆದು ಬೇರೆ ಬೇರೆ ಯಂತ್ರಗಳನ್ನು ಮಾಡಿತು. ಸ್ವಂತ ವಿನ್ಯಾಸಗಳನ್ನೂ ಮಾಡಿತು. 1961ರಲ್ಲಿ ತನ್ನ ಗಳಿಕೆಯಿಂದಲೇ ಬೆಂಗಳೂರಿನಲ್ಲಿ ಎರಡನೆಯ ಕಾರ್ಖಾನೆ ಕಟ್ಟಿಕೊಂಡಿತು. ಯಶವಂತಪುರದಾಚೆ ತುಮಕೂರು ರಸ್ತೆಯಲ್ಲಿ 1962ರಲ್ಲಿ, ಚೆಕೊಸ್ಲೊವಾಕಿಯಾದ ಸಹಕಾರದಿಂದ, ಯಂತ್ರೋಪಕರಣಗಳ ವಿನ್ಯಾಸಕ್ಕೂ ಸಂಶೋಧನೆಗೂ ಮೀಸಲಾದ ಕೇಂದ್ರ ಸಂಸ್ಥೆಯೊಂದು ಸ್ಥಾಪಿತವಾಯಿತು, ಸಿ.ಎಂ.ಟಿ.ಐ. ಎಂದು ಇಂದಿಗೂ ಅದು ಅಲ್ಲಿದೆ. ಮಾಡುವುದನ್ನು ಕಲಿತ ಮೇಲೆ ಆಲೋಚಿಸುವುದನ್ನೂ ಕಲಿಯಬೇಕೆಂಬ ವಿವೇಕ ಇದರ ಹಿಂದಿತ್ತು.

ಕನ್ನಡ ಓದಿದವರಿಗೆ ಈ ಕ್ರಮ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡೇ ಹುಟ್ಟಿತು. ಆದರೆ ಕನ್ನಡದ ಸೀಮೆ ಯಾವುದು, ಕನ್ನಡಕ್ಕೆ ಒಗ್ಗುವ ಮಾತು ಯಾವುದು ಎಂಬ ವಿಚಾರ ಅದರದೇ. ಪಂಪ ವ್ಯಾಸರ ಕಥೆಯನ್ನು ತೆಗೆದುಕೊಂಡು ಅರಿಕೇಸರಿಯ ಕಾಲಕ್ಕೆ ಹೊಂದಿಸಿದ. ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ, ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಿತು. ಅದು ಭಾಷಾಂತರಗಳ ಸಂಕಲನವೆಂಬುದು ನಿಜ. ಹೊಸಗನ್ನಡ ಕವಿತೆಯ ನಡಿಗೆಯನ್ನೇ ಅದು ಬದಲಿಸಿತೆಂಬುದೂ ನಿಜ. ಭಾಷಾಂತರ ಹೀನವಲ್ಲ. ಮೂಲವನ್ನು ಪೂರ್ತಿ ಅರಗಿಸಿಕೊಂಡವನು ಭಾಷಾಂತರಿಸಿದರೆ ಅದರಿಂದ ಸ್ವಂತ ಕೃತಿ ಹುಟ್ಟುತ್ತದೆ. ಕಥೆಯೇ ತಿಳಿಯದೆ ಒಂದು ಪುಟವನ್ನು ಮಾತ್ರ ಕೊಟ್ಟು ಇದನ್ನು ಕನ್ನಡಿಸು ಎಂದರೆ ಎಂಥ ಪಂಡಿತನೂ ಎಡವುತ್ತಾನೆ. ನನ್ನ ಶಿಷ್ಯೆಯ ಕಚೇರಿಯಲ್ಲಿ ಆದದ್ದು ಎರಡನೆಯದು. ಕವಾಟ ತುಂಬಿದ ಯಂತ್ರ ಮಣ್ಣು ಅಗೆಯುವುದನ್ನು ಆ ನಕ್ಷೆ ಬರೆದವರಲ್ಲಿ ಒಬ್ಬರೂ ನೋಡಿರಲಿಲ್ಲವಂತೆ.

ದೊಡ್ಡವರ ಎಡವಟ್ಟುಗಳು

ಇಂಥ ಎಡವಟ್ಟು ಸಣ್ಣವರಿಗೆ ಮಾತ್ರ ಆಗುವುದೆಂದು ಭಾವಿಸಬೇಕಿಲ್ಲ. ಏರ್‌ಬಸ್ ಎಂಬುದು ಯೂರೋಪಿನ ಹಲವು ದೇಶಗಳು ಕೂಡಿ ವಿಮಾನ ಕಟ್ಟುವ ಸಂಸ್ಥೆ. ಎ-380 ಎಂಬ ಎರಡಂತಸ್ತಿನ ವಿಮಾನಕ್ಕೆ ಬೇಕಾದ ವಿದ್ಯುತ್ ತಂತಿಗಳ ಕಂತೆಗಳು ಜರ್ಮನಿಯ ಹ್ಯಾಂಬರ್ಗಿನಲ್ಲಿ ಸಿದ್ಧವಾಗಿ ಫ್ರಾನ್ಸಿನ ತುಲೂಸಿಗೆ ಬಂದುವು. ಒಂದೊಂದು ವಿಮಾನದಲ್ಲಿಯೂ ಐನೂರು ಕಿಲೋಮೀಟರಿಗೂ ಮಿಕ್ಕ ತಂತಿ. ಜೋಡಿಸಹೋದರೆ ಎಷ್ಟೋ ಕಡೆ ತಂತಿ ಕೂರಲಿಲ್ಲ, ಗಿಡ್ಡವಾಯಿತು. ಎರಡು ಊರಿನವರೂ ಒಂದೇ ಹೆಸರಿನ ವಿನ್ಯಾಸ ತಂತ್ರಾಂಶವನ್ನು ಬಳಸುತ್ತಿದ್ದರೂ ಒಬ್ಬರದು ಹಳೆಯ ಆವೃತ್ತಿ, ಇನ್ನೊಬ್ಬರದು ಹೊಸದು. ಒಂದರಲ್ಲಾದ ಬದಲಾವಣೆ ಇನ್ನೊಂದಕ್ಕೆ ಸರಿಯಾಗಿ ದಾಟುತ್ತಿರಲಿಲ್ಲ. 2006ರಲ್ಲಿ ಈ ತೊಡಕು ಬಹಿರಂಗವಾಯಿತು. ಎರಡು ವರ್ಷಗಳಷ್ಟು ತಡವಾಗಿ, 2007ರ ಅಕ್ಟೋಬರಿನಲ್ಲಿ, ಮೊದಲನೆಯ ವಿಮಾನ ಗಿರಾಕಿಯ ಕೈ ಸೇರಿತು.

ಅಮೆರಿಕದ ಬೋಯಿಂಗ್ ಕಂಪನಿಯದು ಇನ್ನೂ ಕಣ್ಣು ತೆರೆಸುವ ಕಥೆ. 787 ಎಂಬ ವಿಮಾನಕ್ಕೆ ರೆಕ್ಕೆಗಳು ಜಪಾನಿನಿಂದ, ಒಡಲಿನ ತುಂಡುಗಳು ಇಟಲಿ, ಜಪಾನ್ ಮತ್ತು ಅಮೆರಿಕದ ಬೇರೆ ಬೇರೆ ಊರುಗಳಿಂದ. ತಯಾರಿಕೆಯಷ್ಟೇ ಅಲ್ಲ, ವಿನ್ಯಾಸದ ಬಹುಪಾಲನ್ನೂ ಪಾಲುದಾರರಿಗೇ ವಹಿಸಲಾಗಿತ್ತು. 2007ರ ಜುಲೈ 8ರಂದು ವಿಮಾನವನ್ನು ಜನರ ಮುಂದೆ ಮೆರವಣಿಗೆಯಾಗಿ ತಂದರು. ಹೊರಗಿನಿಂದ ನೋಡಲು ಬಲು ಸುಂದರ. ಒಳಗೆ ಬಹುಮಟ್ಟಿಗೆ ಟೊಳ್ಳು. ಎಷ್ಟೋ ಕಡೆ ತಾತ್ಕಾಲಿಕ ಕೀಲುಗಳನ್ನು ಹಾಕಿ ನಿಲ್ಲಿಸಿದ್ದರು. 2008ರಲ್ಲಿ ಗಿರಾಕಿಗೆ ಸೇರಬೇಕಾಗಿದ್ದ ಮೊದಲನೆಯ ವಿಮಾನ ಸೇರಿದ್ದು 2011ರ ಸೆಪ್ಟೆಂಬರಿನಲ್ಲಿ. ನಡುವೆ 2009ರಲ್ಲಿ, ಒಡಲಿನ ಭಾಗಗಳನ್ನು ಮಾಡುತ್ತಿದ್ದ ದಕ್ಷಿಣ ಕರೊಲಿನದ ಕಾರ್ಖಾನೆಯನ್ನು ಬೋಯಿಂಗ್ ತಾನೇ ಕೊಂಡುಕೊಳ್ಳಬೇಕಾಯಿತು. ವಿಪರ್ಯಾಸವೆಂದರೆ, ಕೆಲಸವನ್ನು ಹೀಗೆ ಹಂಚಿಬಿಟ್ಟರೆ ಲಾಭ ಪಾಲುದಾರರಿಗೂ ಹೊಣೆ ನಮಗೂ ಉಳಿದೀತೆಂದು ಹಾರ್ಟ್-ಸ್ಮಿತ್ ಎಂಬ ಆ ಕಂಪನಿಯ ಎಂಜಿನಿಯರೇ 2001ರಲ್ಲಿ ಲೇಖನ ಬರೆದು ಎಚ್ಚರಿಸಿದ್ದ.

ಅದೇ ಬೋಯಿಂಗ್ ಕಂಪನಿ 2024ರ ಜನವರಿಯಲ್ಲಿ ನಮ್ಮ ದೇವನಹಳ್ಳಿಯ ಹತ್ತಿರ ನಲವತ್ತಮೂರು ಎಕರೆಯ ಎಂಜಿನಿಯರಿಂಗ್ ಕೇಂದ್ರವನ್ನು ತೆರೆದಿದೆ. ಯಲಹಂಕದಲ್ಲಿ ಫಿಲಿಪ್ಸ್ ಕಂಪನಿಯ ಸಂಶೋಧನ ಆವರಣವಿದೆ. ನಾಗವಾರದ ಮಾನ್ಯತಾ ಕಟ್ಟಡಗಳಲ್ಲಿಯೂ ಇಂಥ ಕಚೇರಿಗಳು ಹಲವು. ಎಂಬಲ್ಲಿಗೆ, ಜಗತ್ತಿನ ವಿನ್ಯಾಸದ ಒಂದು ದೊಡ್ಡ ಪಾಲು ಹೆಬ್ಬಾಳದ ಮೇಲುಸೇತುವೆಯಾಚೆಗೆ ಬಂದು ಕುಳಿತಿದೆ. ಬೆಳಗ್ಗೆ ಆ ಸೇತುವೆಯ ಮೇಲೆ ಸಾಲುಗಟ್ಟಿ ನಿಲ್ಲುವ ವಾಹನಗಳಲ್ಲಿ ನಮ್ಮ ತರಗತಿಗಳಲ್ಲಿ ಕುಳಿತೆದ್ದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಆದುದರಿಂದಲೇ ಈ ವಿಷಯ ನನಗೆ ಪರಕೀಯವೆನಿಸುವುದಿಲ್ಲ.

ಎದುರು ಹೊಳೆ

ಎಲ್ಲವೂ ಎಡವಟ್ಟೇ ಎಂದು ವಾಚಕರು ತಿಳಿಯಬಾರದು. ಜಿ.ಇ. ಕಂಪನಿ 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ದೊಡ್ಡ ಸಂಶೋಧನ ಕೇಂದ್ರವನ್ನು ತೆರೆಯಿತು. ಹೃದಯದ ಬಡಿತವನ್ನು ಕಾಗದದ ಮೇಲೆ ಬರೆಯುವ ಇ.ಸಿ.ಜಿ. ಯಂತ್ರ ಆವರೆಗೆ ದೊಡ್ಡ ಆಸ್ಪತ್ರೆಗಳ ಸ್ವತ್ತಾಗಿತ್ತು. ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಹಳ್ಳಿಯ ವೈದ್ಯ ಕೈಚೀಲದಲ್ಲಿ ಒಯ್ಯಬಲ್ಲ, ವಿದ್ಯುತ್ತು ಹೋದರೂ ಬ್ಯಾಟರಿಯಿಂದ ನಡೆಯುವ ಯಂತ್ರವೊಂದನ್ನು ಬೆಂಗಳೂರಿನ ಎಂಜಿನಿಯರುಗಳು ರೂಪಿಸಿದರು. ಅದರಲ್ಲಿ ಕಾಗದ ಮುದ್ರಿಸುವ ಭಾಗಕ್ಕೆ ಅವರು ಬಳಸಿದ್ದು ಬಸ್ಸಿನ ಟಿಕೆಟು ಮುದ್ರಿಸುವ ಬಗೆಯ ಚಿಕ್ಕ ಯಂತ್ರವನ್ನು! ಮ್ಯಾಕ್ 400 ಎಂಬ ಆ ಯಂತ್ರ ಆಮೇಲೆ ಭಾರತದ ಹೊರಗೂ ಮಾರಾಟವಾಯಿತು. ಇಲ್ಲಿ ಹೊಳೆ ಎದುರಿಗೆ ಹರಿದಂತಾಯಿತು. ಅದಕ್ಕೆ ಕಾರಣ ಸ್ಪಷ್ಟವಾಗಿದೆ: ಅವರ ಕೈಗೆ ಬಂದದ್ದು ಒಂದು ತುಂಡಲ್ಲ, ಇಡೀ ಯಂತ್ರ. ಅದನ್ನು ಬಳಸುವವನು ಯಾರು, ಎಂಥ ರಸ್ತೆಯಲ್ಲಿ ಒಯ್ಯುತ್ತಾನೆ, ವಿದ್ಯುತ್ತು ಎಷ್ಟು ಹೊತ್ತು ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಗಡಿಯಾರದ ಕಥೆಯಲ್ಲಿಯೂ ಇಂಥದೇ ಒಂದು ತಿರುವಿದೆ. ಎಚ್.ಎಂ.ಟಿ. 1981ರಲ್ಲಿಯೇ ಕ್ವಾರ್ಟ್ಜ್ ಗಡಿಯಾರವನ್ನು ತಂದಿದ್ದರೂ ಅದರ ಬಹುಪಾಲು ಶಕ್ತಿ ಕೀಲಿ ಕೊಡುವ ಗಡಿಯಾರಗಳಲ್ಲಿಯೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟಾನ್ ಕ್ವಾರ್ಟ್ಜನ್ನೇ ನಂಬಿ ಹೊರಟಿತು. ಅದಕ್ಕೆ ಕೈಗಳನ್ನು ಒದಗಿಸಿದವರಲ್ಲಿ ಎಚ್.ಎಂ.ಟಿ.ಯಲ್ಲಿ ಪಳಗಿದವರು ಹಲವರು. ಫ್ರಾನ್ಸಿನಿಂದ ತಂತ್ರಜ್ಞಾನ ಪಡೆದು ಹೊಸೂರಿನಲ್ಲಿ ಕೆಲಸ ತೊಡಗಿದ ಅವರು, 2002ರಲ್ಲಿ ಮೂರೂವರೆ ಮಿಲಿಮೀಟರು ದಪ್ಪದ ಸ್ವಂತ ವಿನ್ಯಾಸದ ಗಡಿಯಾರವನ್ನು ತಂದರು. ಅದರೊಳಗಣ ಯಂತ್ರದ ದಪ್ಪ 1.15 ಮಿಲಿಮೀಟರು ಮಾತ್ರ. ಇತ್ತ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಅದರ ನೆನಪಿಗೆ ವಸ್ತುಸಂಗ್ರಹಾಲಯ ತೆರೆಯಿತು. ತಂದೆಯವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಗಾಜಿನ ಹಿಂದಿನ ಗಡಿಯಾರಗಳನ್ನು ಅವರು ಹೆಚ್ಚು ಹೊತ್ತು ನೋಡಲಿಲ್ಲ. ಹಳೆಯ ಯಂತ್ರವೊಂದರ ಹಿಡಿಯನ್ನು ಮುಟ್ಟಿ, ಸುಮ್ಮನೆ ನಿಂತಿದ್ದರು. ಕಾರ್ಖಾನೆ ಮುಚ್ಚಿದರೂ ಕೈ ಕಲಿತದ್ದು ಬೇರೆ ಊರಿಗೆ ಹೋಗಿ ಬದುಕಿಕೊಂಡಿತೆಂಬುದೊಂದು ಸಮಾಧಾನ.

ಹೊಣೆ ಯಾರದು?

ಹಲವು ದೇಶಗಳ ಕೈಗಳಿಂದ ಒಂದು ವಸ್ತುವನ್ನು ಮಾಡಿಸುವ ವಿದ್ಯೆಯ ಮೇಲೆ ದೊಡ್ಡ ದೊಡ್ಡ ಗ್ರಂಥಗಳಿವೆ. ಅವುಗಳಲ್ಲಿ ನನಗೆ ಅರ್ಥವಾದಷ್ಟು ಇಷ್ಟು. ಕೆಲಸವನ್ನು ಹಂಚುವುದಾದರೆ ಎಲ್ಲಿ ಹೊಲಿಗೆ ಸಹಜವಾಗಿದೆಯೋ ಅಲ್ಲಿ ಬಿಡಿಸಬೇಕು. ಒಂದು ಭಾಗದ ಬದಲಾವಣೆ ಇನ್ನೊಂದನ್ನು ಕಲಕದಂತಿದ್ದರೆ ಅದನ್ನು ದೂರದ ಊರಿಗೆ ಧೈರ್ಯವಾಗಿ ಕೊಡಬಹುದು. ಒಂದಕ್ಕೊಂದು ಮಾಂಸಕ್ಕೆ ಉಗುರು ಅಂಟಿದಂತೆ ಅಂಟಿರುವುವನ್ನು ಬೇರೆ ಬೇರೆ ದೇಶಕ್ಕೆ ಕೊಟ್ಟರೆ ನೋವು ತಪ್ಪದು. ಇಡೀ ವಸ್ತುವಿಗೆ ಉತ್ತರ ಹೇಳುವ ಒಬ್ಬ ಮನುಷ್ಯ ಇರಬೇಕು. ಜಪಾನಿನ ಟೊಯೋಟದಲ್ಲಿ ಅಂಥವನಿಗೆ ‘ಶುಸಾ’ ಎಂಬ ಹೆಸರಿತ್ತು. ಒಂದು ಕಾರಿನ ಮೊದಲ ಆಲೋಚನೆಯಿಂದ ಮಾರಾಟದವರೆಗೂ ಅವನೇ ಅದರ ಯಜಮಾನ. ಎಲ್ಲ ಊರಿನವರೂ ಒಂದೇ ನಕ್ಷೆಯನ್ನು, ಒಂದೇ ಆವೃತ್ತಿಯನ್ನು ನೋಡುತ್ತಿರಬೇಕು. ವರ್ಷಕ್ಕೊಮ್ಮೆಯಾದರೂ ಮನುಷ್ಯರು ಪ್ರಯಾಣ ಮಾಡಬೇಕು. ಮುಖ ನೋಡಿದವನಿಗೆ ‘ಇದು ನನಗೆ ತಿಳಿಯಲಿಲ್ಲ’ ಎಂದು ಬರೆಯುವುದು ಸುಲಭ. ಮುಖ ನೋಡದವನಿಗೆ ಅದು ಅವಮಾನವೆನಿಸುತ್ತದೆ.

ಇವುಗಳ ಜೊತೆಗೆ, ಗ್ರಂಥಗಳಿಗಿಂತ ನಮ್ಮ ತಂದೆಯವರ ಹೆಬ್ಬೆರಳಿನಿಂದ ನಾನು ಕಲಿತದ್ದೊಂದಿದೆ. ನಕ್ಷೆ ‘ಹೀಗೆ ಮಾಡು’ ಎಂದು ಮಾತ್ರ ಹೇಳಿದರೆ ಸಾಲದು. ‘ಏಕೆ’ ಎಂದೂ ಹೇಳಬೇಕು. ಏಕೆಂದು ತಿಳಿದವನು ಬರೆದದ್ದರಲ್ಲಿ ತಪ್ಪಿದ್ದರೂ ನಿಲ್ಲಿಸಿ ಕೇಳುತ್ತಾನೆ. ತಿಳಿಯದವನು ವಿಧೇಯನಾಗಿ ಮುನ್ನೂರು ಕಡ್ಡಿಗಳ ಅಂಚನ್ನು ತೀಡುತ್ತಾನೆ. ಹಾಗೆ ಕೇಳಲು ಅವನಿಗೆ ದಾರಿಯೂ ಇರಬೇಕು. ದೊಡ್ಡಬಳ್ಳಾಪುರದ ಆ ಕೆಲಸಗಾರನಿಗೆ ಸಂದೇಹ ಬಂದಿತ್ತೆಂದು ಆಮೇಲೆ ತಿಳಿಯಿತು. ಹಿಂದೆ ಬೇರೆಯವರಿಗೆ ಸ್ಪೂಲು ಮಾಡಿ ಅಭ್ಯಾಸವಿದ್ದವನು ಆತ. “ಡ್ರಾಯಿಂಗಲ್ಲೇ ಹಂಗೈತಲ್ಲ, ನಾವು ಯಾರನ್ನ ಕೇಳಾನ?” ಎಂದನಂತೆ. ಜರ್ಮನಿಯಿಂದ ಹೆಬ್ಬಾಳಕ್ಕೆ, ಹೆಬ್ಬಾಳದಿಂದ ದೊಡ್ಡಬಳ್ಳಾಪುರಕ್ಕೆ ಇಳಿದುಬರುವ ದಾರಿಯಿತ್ತು, ಹತ್ತಿಹೋಗುವ ದಾರಿಯಿರಲಿಲ್ಲ.

ಆ ಭಾನುವಾರ ಹುಡುಗಿ ಮನೆಯಿಂದ ಹೊರಟಾಗ ಮಧ್ಯಾಹ್ನವಾಗಿತ್ತು. ಮೂವರೂ ಸೇರಿ ಕನ್ನಡದಲ್ಲಿ ಮೂರು ವಾಕ್ಯ ಬರೆದಿದ್ದೆವು: “ಬರ್ ಪೂರ್ತಿ ತೆಗೆಯಿರಿ. ಅಂಚು ಚೂಪಾಗಿಯೇ ಇರಲಿ. ಎಣ್ಣೆಯ ಬಾಗಿಲು ತೆರೆಯುವುದು ಮುಚ್ಚುವುದು ಈ ಅಂಚಿನಿಂದ.” ಮೊದಲ ಎರಡು ನನ್ನವು, ಮೂರನೆಯದು ತಂದೆಯವರದು. ಅದು ನಕ್ಷೆಯ ಟಿಪ್ಪಣಿಯ ಪದ್ಧತಿಗೆ ಒಪ್ಪುವುದಿಲ್ಲವೇನೋ ಎಂದು ಅವಳು ಹಿಂಜರಿದಳು. “ಇರಲಿ ಬಿಡಮ್ಮ, ಓದಿದವನು ಅದೊಂದನ್ನು ಮರೆಯೋದಿಲ್ಲ” ಎಂದರು ತಂದೆಯವರು.

ಆದರೆ ಅವಳು ಮಾಡಬೇಕಾದ ಕಷ್ಟದ ಕೆಲಸ ಬೇರೊಂದಿತ್ತು. ಮುನ್ನೂರು ಕಡ್ಡಿಗಳ ತಪ್ಪು ಕೆಲಸಗಾರರದೆಂದು ಆಗಲೇ ದಾಖಲೆಯಾಗಿತ್ತು. ಹಾಗೆಯೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಲೋಹವನ್ನು ಒಮ್ಮೆ ತೀಡಿದ ಮೇಲೆ ಕಳೆದ ಅಂಚು ಮರಳಿ ಬರುವುದಿಲ್ಲ. ಸಾಕ್ಷಿಯೂ ಗುಜರಿಗೆ ಹೋಗುತ್ತಿತ್ತು. ಅವಳು ಸೋಮವಾರವೇ ಕುಳಿತು ಮೂಲ ನಕ್ಷೆಯನ್ನೂ ತಮ್ಮ ನಕ್ಷೆಯನ್ನೂ ಪಕ್ಕಪಕ್ಕಕ್ಕೆ ಇಟ್ಟು, ಟಿಪ್ಪಣಿ ಎಲ್ಲಿ ಬದಲಾಯಿತೆಂದು ತೋರಿಸಿ, ಪರೀಕ್ಷಿಸಿ ರುಜು ಹಾಕಿದವಳು ತಾನೆಂದೂ ಬರೆದು ಕಳುಹಿಸಿದಳು. ಆರು ವಾರ ಪತ್ರವ್ಯವಹಾರ ನಡೆಯಿತು. ಕೊನೆಗೆ ಮುನ್ನೂರರ ಬೆಲೆಯನ್ನು ಕಂಪನಿಯೇ ಹೊತ್ತುಕೊಂಡಿತು. ಆ ವರ್ಷ ಅವಳಿಗೆ ಬರಬೇಕೆಂದಿದ್ದ ಬಡ್ತಿ ಬರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವುಂಟೋ ಇಲ್ಲವೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೋದ ತಿಂಗಳು ಮತ್ತೆ ಬಂದಿದ್ದಳು. ಈ ಸಲ ತಂದದ್ದು ತಿದ್ದಿದ ನಕ್ಷೆ. ಜರ್ಮನ್ ಭಾಷೆಯ ಮೂಲದಲ್ಲಿಯೇ ಈಗ ಎರಡು ಪದಗಳ ಕೆಳಗೆ ಹೊಸದಾಗಿ ಒಂದು ಸಾಲು ಸೇರಿದೆ. ತಂದೆಯವರ ಮೂರನೆಯ ವಾಕ್ಯವನ್ನು ಅವಳು ಇಂಗ್ಲಿಷಿಗೆ ತಿರುಗಿಸಿ ಕಳುಹಿಸಿದ್ದಳಂತೆ. ಅಲ್ಲಿಯವರು ಅದನ್ನು ಜರ್ಮನಿಗೆ ತಿರುಗಿಸಿ ಉಳಿಸಿಕೊಂಡರಂತೆ. ತಿದ್ದುಪಡಿಯ ಚೌಕದಲ್ಲಿ ಅವಳ ಹೆಸರಿನ ಮೊದಲಕ್ಷರಗಳಿವೆ. ಎಷ್ಟೋ ಇಂಗ್ಲಿಷ್ ಕವಿತೆಗಳು ಕನ್ನಡಕ್ಕೆ ಬಂದುದನ್ನು ಪಾಠ ಹೇಳಿದ ನನಗೆ, ಟೂಲ್ ರೂಮಿನ ಕನ್ನಡ ವಾಕ್ಯವೊಂದು ಜರ್ಮನಿಗೆ ಹೋದದ್ದು ಸಣ್ಣ ಸಂತೋಷವಲ್ಲ.

ತಂದೆಯವರು ಆ ಸಾಲನ್ನು ಓದಿಸಿ ಕೇಳಿದರು. ಅರ್ಥವಾಗಲಿಲ್ಲ. “ಆ ಹುಡುಗ ಈಗ ಹೆಂಗೆ ಮಾಡ್ತಾನೆ?” ಎಂದು ಕೇಳಿದರು. ದೊಡ್ಡಬಳ್ಳಾಪುರದಿಂದ ಬಂದ ಹೊಸ ಕಡ್ಡಿಯೊಂದನ್ನು ಅವಳು ಕರವಸ್ತ್ರದಿಂದ ಬಿಡಿಸಿ ಕೊಟ್ಟಳು. ಹೆಬ್ಬೆರಳಿನ ಉಗುರಿನ ಮೇಲೆ ಎಳೆದುನೋಡಿದರು. ಉಗುರಿನಿಂದ ಬಿಳಿಯ ಪುಡಿ ಸಣ್ಣಗೆ ಎದ್ದಿತು.

“ಹಿಡಿಯುತ್ತೆ” ಎಂದರು.